ಎಂಟಕ್ಕೆ ಎಂಟು

ಗಂಡನ ರಕ್ತವನ್ನು ಊಟದ ಡಬ್ಬಿಯ ಪಕ್ಕದಲ್ಲಿಟ್ಟುಕೊಂಡು ಅವಳು ಬಸ್ಸು ಹತ್ತಿದ್ದಳು. ಹಸಿರು ಮುಚ್ಚಳದ ಎರಡು ಗಾಜಿನ ಕೊಳವೆಗಳು, ಕರವಸ್ತ್ರದಲ್ಲಿ ಸುತ್ತಿದ್ದವು. ಡಬ್ಬಿಯ ಬಿಸಿ ತಾಗಬಾರದೆಂದು ನಡುವೆ ಮಡಿಸಿದ ಪೇಪರು. ಪಕ್ಕದ ಹೆಂಗಸಿನ ಮೊಣಕೈ ಚೀಲವನ್ನು ಒತ್ತುತ್ತಿತ್ತು. 'ಸ್ವಲ್ಪ ಜರುಗ್ತೀರಾ, ಒಡೆಯೋ ಸಾಮಾನಿದೆ' ಎಂದಳು. 'ಮೊಟ್ಟೆನಾ?' ಎಂದು ಹೆಂಗಸು ಕನಿಕರದಿಂದ ಕೇಳಿದಳು. 'ಹೂಂ' ಎಂದಳು ಇವಳು. ಬೆಳಗಿನಿಂದ ಇದು ಎರಡನೆಯ ಸುಳ್ಳು. ಮೊದಲನೆಯದನ್ನು ಅಡಿಗೆಮನೆಯಲ್ಲಿ ಹೇಳಿದ್ದಳು. ಗಂಡ ಕುರ್ಚಿಯ ಮೇಲೆ ತೋಳು ಮಡಿಸಿಕೊಂಡು ಕೂತು, ಸೂಜಿ ಚುಚ್ಚುವಾಗ ಮುಖ ತಿರುಗಿಸಿ ಗೋಡೆಯ ಮೇಲಿನ ಸ್ವಿಚ್ಚನ್ನು ನೋಡುತ್ತಿದ್ದ. ಅವನು ಲಿಫ್ಟ್ ಮೆಕ್ಯಾನಿಕ್. ಹತ್ತು ಮಹಡಿಯ ಆಳದ ಬಾವಿಯಂಥ ಕತ್ತಲೆಯಲ್ಲಿ ಹಗ್ಗ ಹಿಡಿದು ನೇತಾಡುವವನು, ಸೂಜಿಯನ್ನು ಮಾತ್ರ ನೋಡಲಾರ. 'ಕಂಟ್ರೋಲ್ ಅಂದ್ರೆ ಏನು?' ಎಂದು ಸ್ವಿಚ್ಚನ್ನೇ ಕೇಳಿದ್ದ. 'ಆರೋಗ್ಯವಾಗಿರೋರ ರಕ್ತ ರೀ. ಹೋಲಿಸಿ ನೋಡೋಕೆ ಬೇಕಾಗುತ್ತೆ.' 'ಇಡೀ ಊರಲ್ಲಿ ಆರೋಗ್ಯವಾಗಿರೋನು ನಾನೊಬ್ನೇನಾ ಡಾಕ್ಟ್ರೇ?' ಅವಳು ಡಾಕ್ಟರಲ್ಲ, ಪ್ರಯೋಗಾಲಯದ ಟೆಕ್ನಿಷಿಯನ್. ಅವನು ಖುಷಿಯಲ್ಲಿದ್ದಾಗ ಡಾಕ್ಟ್ರೇ ಎನ್ನುತ್ತಾನೆ. ಖುಷಿಯಲ್ಲಿದ್ದವನಿಗೆ ಸುಳ್ಳು ಹೇಳುವುದು ಸುಲಭ. ಅದೂ ಕಸುಬಿನ ಪದಗಳಲ್ಲಿ ಹೇಳಿದರೆ ಸುಳ್ಳಿಗೂ ಒಂದು ಬಿಳಿ ಕೋಟು ಸಿಗುತ್ತದೆ.

ಅವಳು ಬಸುರಿ. ಅದು ಅವಳಿಗಷ್ಟೇ ಗೊತ್ತು. ಇದಕ್ಕೆ ಮುಂಚೆ ಎರಡು ಸಲ ಆಗಿತ್ತು, ಎರಡು ಸಲವೂ ನಿಂತಿರಲಿಲ್ಲ. ಮೊದಲನೆಯದು ಹೋದಾಗ ಇಬ್ಬರೂ ಅದನ್ನು ಒಂದು ಕೆಟ್ಟ ನೆಗಡಿಯ ಹಾಗೆ ಕಳೆದಿದ್ದರು. ಎರಡನೆಯದು ಹೊಟ್ಟೆ ಕಾಣುವಷ್ಟು ದಿನ ಇತ್ತು. ಆಗ ಅವನು ತನ್ನ ಜೊತೆ ಕೆಲಸ ಮಾಡುವವರಿಗೆಲ್ಲ ಸಿಹಿ ಹಂಚಿದ್ದ, ತಾನು ಸರ್ವಿಸ್ ಮಾಡುವ ಕಟ್ಟಡಗಳ ಕಾವಲುಗಾರರಿಗೂ ಹೇಳಿದ್ದ. ಆಮೇಲೆ ಎಷ್ಟೋ ತಿಂಗಳು ಆ ಕಾವಲುಗಾರರು ಗೇಟು ತೆಗೆಯುತ್ತ, 'ಏನಣ್ಣ, ಗಂಡೋ ಹೆಣ್ಣೋ?' ಎಂದು ಕೇಳುತ್ತಿದ್ದರು. ಒಂದು ಕಡೆ ಉತ್ತರ ಹೇಳಲು ಬೇಜಾರಾಗಿ 'ಹೆಣ್ಣು' ಎಂದುಬಿಟ್ಟನಂತೆ. ಈಗಲೂ ಆ ಕಟ್ಟಡಕ್ಕೆ ಹೋದರೆ ಮಗಳು ಹೇಗಿದ್ದಾಳೆ ಎಂದು ಕೇಳುತ್ತಾರೆ, ಚೆನ್ನಾಗಿದ್ದಾಳೆ ಎನ್ನುತ್ತಾನೆ. ಇದನ್ನು ಅವನೇ ಒಂದು ಸಂಜೆ ತೊಳೆದ ತಟ್ಟೆ ಒರೆಸುತ್ತ ಹೇಳಿದ. ಹೇಳಿ, ತಟ್ಟೆಯನ್ನು ಅದರ ಜಾಗದಲ್ಲಿಟ್ಟು, ಮೆತ್ತಗೆ, ಬೇರೆ ಯಾವುದೋ ವಿಷಯ ಎನ್ನುವ ಹಾಗೆ ಅಂದಿದ್ದ: 'ಇನ್ನೊಂದು ಸಲ ಏನಾದ್ರೂ ಆದ್ರೆ, ನಿಂತ ಮೇಲೆ ಹೇಳು.' ಅವಳು 'ಆಯ್ತು' ಎಂದಿದ್ದಳು. ಆ ಗಳಿಗೆಯಲ್ಲಿ ಅದು ನ್ಯಾಯವಾದ ಮಾತಾಗಿ ಕೇಳಿಸಿತ್ತು. ಅದರೊಳಗಿನ ಅನ್ಯಾಯ ತಿಳಿದದ್ದು ನಿಧಾನವಾಗಿ, ಶೂ ಒಳಗೆ ಸೇರಿದ ಕಲ್ಲಿನ ಹಾಗೆ, ನಡೆಯಲು ಶುರುಮಾಡಿದ ಮೇಲೆ. ನಿಲ್ಲುವುದೋ ಇಲ್ಲವೋ ಎನ್ನುವಷ್ಟು ದಿನ ಅವಳೊಬ್ಬಳೇ ಇರಬೇಕು. ನಿಂತದ್ದು ಯಾವತ್ತು ಎಂದು ತಿಳಿಯುವುದಾದರೂ ಹೇಗೆ? ಯಾರಾದರೂ ಬಂದು ಸೀಲು ಹಾಕಿ ಹೋಗುತ್ತಾರೆಯೇ?

ಆದ್ದರಿಂದ ಪರೀಕ್ಷೆ. ಅವಳಿಗೆ ಬರುವುದು ಅದೊಂದೇ. ಕಿಡ್ನಿ ಕೊಡುವವರ ಮತ್ತು ಪಡೆಯುವವರ ರಕ್ತ ಒಂದಕ್ಕೊಂದು ಹೊಂದುತ್ತದೆಯೇ ಎಂದು ನೋಡುವುದು ಅವಳ ಕೆಲಸ. ಅಂಗೈಯಗಲದ ಪಾರದರ್ಶಕ ತಟ್ಟೆ. ಅದರಲ್ಲಿ ಎಳ್ಳಿನ ಕಾಳು ಕೂರುವಷ್ಟೇ ದೊಡ್ಡ ಗುಳಿಗಳು. ಗುಳಿಯಲ್ಲಿ ರೋಗಿಯ ರಕ್ತದ ತಿಳಿಯನ್ನು ಹಾಕಬೇಕು, ಮೇಲೆ ಕೊಡುವವನ ಬಿಳಿ ರಕ್ತಕಣಗಳನ್ನು ಬಿಡಬೇಕು, ಸ್ವಲ್ಪ ಹೊತ್ತು ಬಿಟ್ಟು ಮೊಲದ ರಕ್ತದಿಂದ ತೆಗೆದ ಒಂದು ದ್ರವ ಸೇರಿಸಬೇಕು. ರೋಗಿಯ ರಕ್ತ ಈ ಕಣಗಳನ್ನು ಪರಕೀಯ ಎಂದು ಗುರುತು ಹಿಡಿದಿದ್ದರೆ, ಕೊಲ್ಲುವ ಕೆಲಸವನ್ನು ಮೊಲ ಮುಗಿಸುತ್ತದೆ. ಕೊನೆಗೆ ಬಣ್ಣ ಹಾಕಿ ಮೈಕ್ರೋಸ್ಕೋಪಿನ ಕೆಳಗಿಟ್ಟರೆ ಬದುಕಿದ ಕಣಗಳು ಸಣ್ಣಗೆ ಹೊಳೆಯುತ್ತವೆ, ಸತ್ತವು ಊದಿಕೊಂಡು ಕಪ್ಪಗೆ ಬಿದ್ದಿರುತ್ತವೆ. ಎಲ್ಲ ಹೊಳೆಯುತ್ತಿದ್ದರೆ ಒಂದು ಅಂಕ. ಎಲ್ಲ ಸತ್ತಿದ್ದರೆ ಎಂಟು. ಎಂಟು ಬಂದರೆ ಕಿಡ್ನಿ ಇಲ್ಲ. ಅದರ ಮೇಲೆ ಚರ್ಚೆ ಇಲ್ಲ, ಕಣ್ಣೀರಿಗೂ ಅಂಕ ಇಲ್ಲ. ಮಗು ಎಂದರೇನು, ಎಂದು ಅವಳು ಒಂದು ಮಧ್ಯಾಹ್ನ ಊಟದ ತಟ್ಟೆ ತೊಳೆಯುತ್ತ ಯೋಚಿಸಿದ್ದಳು, ಅರ್ಧ ಗಂಡ. ಕಿಡ್ನಿಯ ಹಾಗೆಯೇ ಇನ್ನೊಬ್ಬರ ಮಾಂಸ, ಒಳಗೆ ಬಂದು ಕೂತು ರಕ್ತ ಕೇಳುವಂಥದು. ಕಿಡ್ನಿಗೆ ಜೀವನಪೂರ್ತಿ ಮಾತ್ರೆ ನುಂಗಿ ಮೈಯನ್ನು ಸುಮ್ಮನಿರಿಸಬೇಕು, ಇದಕ್ಕೆ ಯಾವ ಮಾತ್ರೆಯೂ ಇಲ್ಲದೆ ಮೈ ಯಾಕೆ ಸುಮ್ಮನಿರಬೇಕು? ತರಬೇತಿಯ ಪುಸ್ತಕದಲ್ಲಿ ಇದರ ಬಗ್ಗೆ ಅರ್ಧ ಪುಟ ಇತ್ತು. ಮೇಷ್ಟ್ರು ಪುಟ ತಿರುವಿ, 'ಇದು ಪರೀಕ್ಷೆಗೆ ಬರಲ್ಲ, ಮುಂದಕ್ಕೆ ಹೋಗಿ' ಎಂದಿದ್ದರು. ಎಲ್ಲರೂ ಮುಂದಕ್ಕೆ ಹೋಗಿದ್ದರು.

ತನ್ನ ರಕ್ತವನ್ನು ತಾನೇ ತೆಗೆದುಕೊಂಡಳು, ಬಟ್ಟೆ ಬದಲಿಸುವ ಕೋಣೆಯಲ್ಲಿ, ತೋಳಿಗೆ ಕಟ್ಟುವ ರಬ್ಬರನ್ನು ಹಲ್ಲಲ್ಲಿ ಕಚ್ಚಿ ಎಳೆದು. ಕನ್ನಡಿಯಲ್ಲಿ ಕಂಡ ಮುಖ ಗಾಳಿಪಟದ ದಾರ ಕಚ್ಚಿಕೊಂಡ ಮಕ್ಕಳ ಮುಖದ ಹಾಗಿತ್ತು. ಅವತ್ತಿನ ಕೆಲಸ ಒಂದು ದಂಪತಿಯದು: ಹೆಂಡತಿಯ ಕಿಡ್ನಿ ಕೆಟ್ಟಿದೆ, ಗಂಡ ಕೊಡುತ್ತೇನೆ ಎನ್ನುತ್ತಿದ್ದಾನೆ. ಅವರ ತಟ್ಟೆಯಲ್ಲಿ ಕೆಳಗಿನ ಸಾಲು ಖಾಲಿ ಉಳಿಯುತ್ತಿತ್ತು. ಆ ಸಾಲಿನಲ್ಲಿ ತನ್ನದನ್ನೂ ತನ್ನ ಗಂಡನದನ್ನೂ ಹಾಕಿದಳು. ಹೆಸರು ಬರೆಯಲಿಲ್ಲ. ಕಾಯುವಾಗ ವಾಕರಿಕೆ ಬಂತು. ಹೊರಗೆ ಹೋಗಿ ನೀರು ಕುಡಿದು ಬಂದಳು. ಮೈಕ್ರೋಸ್ಕೋಪಿಗೆ ಕಣ್ಣಿಟ್ಟಾಗ ಮೊದಲು ಆ ದಂಪತಿಯ ಗುಳಿಗಳನ್ನು ನೋಡಿದಳು, ತಾನು ಅವಸರದಲ್ಲಿಲ್ಲ ಎಂದು ಯಾರಿಗೋ ತೋರಿಸುವ ಹಾಗೆ. ಅವು ಕಪ್ಪಗಿದ್ದವು. ಎಂಟು. ಆಮೇಲೆ ತಟ್ಟೆಯನ್ನು ಸರಿಸಿದಳು. ಕಪ್ಪು. ಬಹುಶಃ ತಟ್ಟೆ ತಲೆಕೆಳಗಾಗಿರಬೇಕು, ಈಗಲೂ ನೋಡುತ್ತಿರುವುದು ಅವರದನ್ನೇ ಎಂದುಕೊಂಡಳು. ಹೊಸಬರು ಮಾಡುವ ತಪ್ಪು ಅದು. ತೆಗೆದು ನೋಡಿದರೆ, ದಿಕ್ಕು ತಿಳಿಯಲೆಂದು ಕತ್ತರಿಸಿದ ಮೂಲೆ ಇರಬೇಕಾದ ಕಡೆಯೇ ಇತ್ತು. ಇಷ್ಟು ವರ್ಷದ ಅನುಭವ ಅವಳಿಗೆ ಅಷ್ಟು ಸಹಾಯವನ್ನೂ ಮಾಡಲಿಲ್ಲ.

ಪ್ರತಿ ತಟ್ಟೆಯನ್ನೂ ಇಬ್ಬರು ಓದಬೇಕು, ಒಬ್ಬರು ಕೊಟ್ಟ ಅಂಕ ಇನ್ನೊಬ್ಬರಿಗೆ ತಿಳಿಯಬಾರದು; ಅದು ಅಲ್ಲಿಯ ನಿಯಮ. ಎರಡನೆಯವನು ಮಾವ. ಅವನು ಯಾರ ಮಾವನೂ ಅಲ್ಲ. ಎಲ್ಲರಿಗೂ ಬುದ್ಧಿ ಹೇಳುತ್ತಾನೆಂದು ಪ್ರಯೋಗಾಲಯದವರು ಇಟ್ಟ ಹೆಸರು, ಈಗ ಸಂಬಳದ ಚೀಟಿಯಲ್ಲಿ ಮಾತ್ರ ಅವನಿಗೆ ಬೇರೆ ಹೆಸರಿದೆ. ಅವನು ಕನ್ನಡಕವನ್ನು ಹಣೆಗೇರಿಸಿ ಕೂತು, ತುಟಿ ಅಲ್ಲಾಡಿಸುತ್ತ ಓದಿದ. ಕೆಳಗಿನ ಸಾಲಿಗೆ ಬಂದಾಗ ನಿಂತ.

'ಇದ್ಯಾರ್ದಮ್ಮ? ಹೆಸರೇ ಇಲ್ಲ.'

'ಕಂಟ್ರೋಲ್, ಮಾವ.'

'ಎಂಥ ಕಂಟ್ರೋಲು ಇದು! ಒಬ್ರೂ ಉಳಿದಿಲ್ಲ. ಒಳ್ಳೆ ಮನೆ ಜಗಳ ಆದಹಾಗಿದೆ.'

'ಎಷ್ಟು ಅಂತೀರಿ?'

'ಎಂಟಕ್ಕಿಂತ ಮೇಲೆ ಇದ್ದಿದ್ರೆ ಅದನ್ನೇ ಕೊಡ್ತಿದ್ದೆ. ಯಾರೋ ಪಾಪದವರು. ಕಿಡ್ನಿ ಗಿಡ್ನಿ ಅಂತ ಆಸೆ ಇಟ್ಕೋಬೇಡಿ ಅನ್ನು.'

'ಹೇಳ್ತೀನಿ' ಎಂದಳು.

ಆಮೇಲೆ ಅವಳಿಗೆ ಒಂದು ವಿಚಿತ್ರ ನೆಮ್ಮದಿಯಾಯಿತು. ಅಳು ಬರಬಹುದೆಂದು ಕಾದಳು, ಬರಲಿಲ್ಲ. ಅದರ ಬದಲು ತಲೆ ಒಂದೊಂದಾಗಿ ಕೆಲಸಗಳನ್ನು ಜೋಡಿಸತೊಡಗಿತು. ಮುಂದಿನ ವಾರ ರಜೆ ಹಾಕಬೇಕು. ಹಳೆಯ ಹೊದಿಕೆಗಳನ್ನು ತೆಗೆದಿಡಬೇಕು. ಗಂಡನಿಗೆ ಹೊಟ್ಟೆನೋವು ಎಂದು ಹೇಳಬಹುದು, ಅಥವಾ ಏನೂ ಹೇಳದಿರಬಹುದು. ಅವನು ಕೇಳಿಕೊಂಡದ್ದೇ ಅದು, ಅವನ ಮಾತನ್ನು ಅಕ್ಷರಶಃ ನಡೆಸಿಕೊಟ್ಟ ಹಾಗಾಗುತ್ತದೆ. ಈ ಯೋಚನೆಯಲ್ಲಿ ಸಣ್ಣ ಸೇಡಿನ ರುಚಿ ಇತ್ತು, ಅದನ್ನು ಅವಳು ಚಪ್ಪರಿಸಿದಳು. ವಾಕರಿಕೆ ಮತ್ತೆ ಬಂತು. ವಾಕರಿಕೆಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ. ಕಾರಿಡಾರಿನ ತುದಿಯಲ್ಲಿ ನೀರಿನ ಯಂತ್ರದ ಹತ್ತಿರ ನಿಂತಿದ್ದಾಗ ಅತ್ತೆಯ ಫೋನು ಬಂತು. ಅತ್ತೆ ವಾರಕ್ಕೊಮ್ಮೆ ಫೋನು ಮಾಡುತ್ತಾರೆ, ಹವಾಮಾನ ಕೇಳುತ್ತಾರೆ, ಆಮೇಲೆ ಕೇಳಬೇಕಾದ್ದನ್ನು ಕೇಳುತ್ತಾರೆ.

'ಮತ್ತೆ? ಏನಾದ್ರೂ ವಿಶೇಷಾನಾ?'

'ಏನಿಲ್ಲ ಅತ್ತೆ.'

'ಧ್ವನಿ ಯಾಕೆ ಹಾಗಿದೆ?'

'ಕೆಲಸದಲ್ಲಿದೀನಿ.'

'ಆ ಕೆಲಸಾನೇ ಕಣಮ್ಮ. ಸತ್ತಿದ್ದೆಷ್ಟು ಬದುಕಿದ್ದೆಷ್ಟು ಅಂತ ದಿನವಿಡೀ ಎಣಿಸ್ತಾ ಕೂತ್ರೆ ಮೈಗೆ ಒಗ್ಗುತ್ತಾ? ನಾನು ಹೇಳಿದ್ದಲ್ಲ, ಪಕ್ಕದ್ಮನೆಯವರು ಅಂದಿದ್ದು.'

ಎಂದಿನಂತೆ ಸಿಟ್ಟು ಬರಬೇಕಿತ್ತು. ಬದಲಿಗೆ, ನೀವು ಹೇಳಿದ್ದು ಸರಿ ಅತ್ತೆ, ನನ್ನ ಮೈಗೆ ನಿಮ್ಮ ಮಗ ಒಗ್ಗಿಲ್ಲ, ಈಗಷ್ಟೇ ನೋಡಿದೆ, ಇಬ್ಬರು ಓದಿ ಒಪ್ಪಿದ್ದೇವೆ ಎಂದು ಹೇಳಬೇಕೆನ್ನಿಸಿತು. ಮದುವೆಯಾದ ಹೊಸದರಲ್ಲಿ ಅವನ ಬೆವರಿನ ವಾಸನೆ, ಅದರಲ್ಲಿ ಬೆರೆತ ಗ್ರೀಸಿನ ವಾಸನೆ, ದಿಂಬಿಗೆ ಹತ್ತಿದ್ದು ತೊಳೆದರೂ ಹೋಗುತ್ತಿರಲಿಲ್ಲ. ಒಂದು ದಿನ ಅವನಿಲ್ಲದಾಗ ಅದೇ ದಿಂಬು ಬೇಕೆಂದು ಹುಡುಕಿದ್ದಳು. ಒಗ್ಗುವುದೆಂದರೆ ಅದು ಎಂದುಕೊಂಡಿದ್ದಳು. ಆದರೆ ರಕ್ತ ಆ ವಿಷಯದಲ್ಲಿ ಅವಳನ್ನು ಕೇಳಿರಲಿಲ್ಲ. ಕೂಡಿ ಉಂಡು ಕೂಡಿ ಮಲಗಿದ ಇಷ್ಟೂ ವರ್ಷ ಒಳಗೆ ಕತ್ತಿ ಮಸೆಯುತ್ತಿತ್ತು. ಎರಡು ಸಲ ಬಂದವರನ್ನು ಹೊರಗೆ ಹಾಕಿದ್ದು ವಿಧಿಯಲ್ಲ, ಜಾರಿದ ಕಾಲಲ್ಲ, ಎತ್ತಿದ ಬಿಂದಿಗೆಯಲ್ಲ, ತಾನೇ. 'ಫೋನಿಡ್ತೀನಿ ಅತ್ತೆ' ಎಂದಳು. 'ಇಡು ಇಡು, ಎಣಿಸು ಹೋಗು' ಎಂದರು ಅತ್ತೆ.

ಮಧ್ಯಾಹ್ನದ ಮೇಲೆ ದಂಪತಿ ಬಂದರು. ಫಲಿತಾಂಶ ಹೇಳುವುದು ಡಾಕ್ಟರ್ ಮೇಡಂ ಕೆಲಸ. ಇನ್ನೊಂದು ಸಲ ರಕ್ತ ಬೇಕಾಗಿದ್ದರಿಂದ ಇವಳೂ ಸೂಜಿಯ ಟ್ರೇ ಹಿಡಿದು ಒಳಗೆ ನಿಂತಿದ್ದಳು. ಗಂಡ ಮರದ ಸಾಮಾನಿಗೆ ಪಾಲಿಶ್ ಹಾಕುವವನು, ಉಗುರಿನ ಸುತ್ತ ಕಂದು ಬಣ್ಣ ಕೂತಿತ್ತು. ಕೋಣೆಗೆ ಬಂದವನೇ ಮೇಜಿನ ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡಿದ. ಹೆಂಡತಿಯ ಮುಖ ಹಳದಿಗೆ ತಿರುಗಿತ್ತು, ಕಾಲು ಊದಿ ಚಪ್ಪಲಿಯ ಪಟ್ಟಿ ಬಿಚ್ಚಿಕೊಂಡಿದ್ದಳು. ಮೇಡಂ ಸುತ್ತಿ ಬಳಸಿ ಮಾತಾಡುವವರಲ್ಲ. ಹೊಂದುವುದಿಲ್ಲ ಎಂದರು.

'ಹೊಂದಲ್ಲ ಅಂದ್ರೆ?' ಎಂದ ಗಂಡ. 'ಇವಳ ರಕ್ತಕ್ಕೆ ನಾನು ಆಗಿಬರಲ್ಲ ಅಂತಾನಾ?'

'ಹೌದು.'

'ನಾನು ಮದುವೆಯಾದಾಗಿಂದ ಅದನ್ನೇ ಹೇಳ್ತಿದೀನಿ' ಎಂದಳು ಹೆಂಡತಿ. 'ನನ್ನ ಮಾತು ಕೇಳ್ಲಿಲ್ಲ, ಈಗ ದುಡ್ಡು ಕೊಟ್ಟು ಬರೆಸ್ಕೊಂಡ್ರು.'

'ನೀನು ಸುಮ್ನಿರೇ.' ಅವನ ಕಿವಿ ಕೆಂಪಗಾಗಿತ್ತು. 'ಮೇಡಂ, ಏನೋ ತಪ್ಪಾಗಿದೆ. ಮೂರು ಮಕ್ಕಳನ್ನ ಹೆತ್ತಿದ್ದಾಳೆ ನನಗೆ. ಮೂರೂ ಗುಂಡುಗುಂಡಾಗಿವೆ. ಆವಾಗ ಆಗಿಬಂದೋನು ಈಗ ಆಗಿಬರಲ್ವಾ?'

'ಹೆತ್ತಿದ್ದಕ್ಕೇ ಹೀಗಾಗಿರೋದು' ಎಂದರು ಮೇಡಂ. 'ಮಕ್ಕಳಲ್ಲಿ ಅರ್ಧ ನೀವೇ ಅಲ್ವಾ? ಬಸುರಲ್ಲಿ, ಹೆರಿಗೆಯಲ್ಲಿ ಮಗುವಿನ ಒಂದಿಷ್ಟು ಕಣಗಳು ತಾಯಿ ರಕ್ತಕ್ಕೆ ಬರ್ತವೆ. ರಕ್ತ ನಿಮ್ಮ ಗುರುತು ಹಿಡ್ಕೊಂಡಿದೆ. ಒಂದ್ಸಲ ಹಿಡಿದ್ರೆ ಸುಲಭಕ್ಕೆ ಮರೆಯಲ್ಲ.'

'ಮೊದಲ್ನೇ ಮಗುವಿನಿಂದಾನೇ?'

'ಇರಬಹುದು.'

'ಹಾಗಾದ್ರೆ ಆಮೇಲಿನ ಎರಡನ್ನ ಯಾಕೆ ಬಿಡ್ತು? ಅವುಗಳ ಮೇಲಿಲ್ಲದ ಸಿಟ್ಟು ನನ್ನ ಮೇಲೆ ಯಾಕೆ?'

ಟ್ರೇ ಹಿಡಿದಿದ್ದವಳು ಟ್ರೇಯಲ್ಲಿದ್ದ ಹತ್ತಿಯನ್ನು ನೋಡುತ್ತಿದ್ದಳು. ಈ ಸಂಗತಿ ಅವಳಿಗೆ ಗೊತ್ತಿರಲಿಲ್ಲ ಎಂದಲ್ಲ. ಕಿಡ್ನಿಯ ಕಡೆಯಿಂದ ಗೊತ್ತಿತ್ತು. ಹೆತ್ತ ಹೆಂಗಸರಿಗೆ ಗಂಡನ ಕಿಡ್ನಿ ಹೊಂದುವುದು ಕಷ್ಟ, ಆದ್ದರಿಂದ ಎಷ್ಟು ಸಲ ಬಸುರಾಗಿತ್ತು ಎಂದು ಪ್ರತಿಯೊಬ್ಬಳನ್ನೂ ಕೇಳುವವಳು ಅವಳೇ. ಎರಡು, ನಾಲ್ಕು, ಐದು ಎಂದು ಅವರು ಹೇಳಿದ್ದನ್ನು ಕೆಡುಕಿನ ಪ್ರಮಾಣವೆಂಬಂತೆ ಬರೆದುಕೊಳ್ಳುವವಳೂ ಅವಳೇ. ಆ ಅಂಕಿಗಳು ಶಾಲೆಗೆ ಹೋಗುತ್ತವೆ, ಹಲ್ಲುಜ್ಜಲು ಅಳುತ್ತವೆ, ಗುಂಡುಗುಂಡಾಗಿರುತ್ತವೆ ಎಂದು ಯಾವತ್ತೂ ಹೊಳೆದಿರಲಿಲ್ಲ.

ಮೇಡಂ ಪೆನ್ನಿನ ಮುಚ್ಚಳ ಹಾಕಿದರು. 'ನಿಮ್ಮ ಕಿಡ್ನಿ ಒಳಗೆ ಹೋದ್ರೆ ನೇರ ಇವರ ರಕ್ತಕ್ಕೇ ಸಿಕ್ಕುತ್ತೆ. ಮಗು ಹಾಗಲ್ಲ, ಮಧ್ಯೆ ಮಾಸು ಇರುತ್ತೆ, ಹೆರಿಗೆ ಆದ್ಮೇಲೆ ಬೀಳುತ್ತಲ್ಲ, ಅದು. ಆ ಮಾಸೂ ಮಗುವಿಂದೇ, ಅಂದ್ರೆ ಅರ್ಧ ನಿಮ್ದೇ, ಆದ್ರೆ ತಾಯಿ ರಕ್ತ ತಾಗೋ ಕಡೆ ನಿಮ್ಮ ಗುರುತು ತೋರಿಸಲ್ಲ. ಆದ್ರೂ ತಾಯಿ ರಕ್ತದಿಂದ ಕೊಲ್ಲೋಕೆ ಬಂದದ್ದನ್ನ ಹೆಚ್ಚಿನ ಪಾಲು ಮಾಸು ತಾನೇ ಹಿಡಿದು ಇಟ್ಕೊಳ್ಳುತ್ತೆ. ಅಲ್ಲಿರೋ ಕಾವಲಿನ ಕಣಗಳಲ್ಲೂ ಕೆಲವು, ಉಳಿದವನ್ನ ಸುಮ್ನಿರಿ ಸುಮ್ನಿರಿ ಅಂತ ಹಿಡ್ಕೊಂಡಿರ್ತವೆ. ಪೂರ್ತಿ ಹೇಗೆ ಅಂತ ನಮಗೂ ಗೊತ್ತಿಲ್ಲ.'

'ಅಂದ್ರೆ ಮಕ್ಕಳು ನನ್ನನ್ನ ಅಡಗಿಸಿಟ್ಕೊಂಡು ಬಂದ್ವು' ಎಂದ ಅವನು.

'ಬುದ್ಧಿವಂತ ಮಕ್ಕಳು' ಎಂದಳು ಹೆಂಡತಿ. ನಗುತ್ತ ಅವನ ತೋಳಿನ ಮೇಲೆ ಊದಿದ ಕೈಯಿಟ್ಟಳು. ಕೈ ಅಲ್ಲೇ ಇತ್ತು, ತೆಗೆಯಲಿಲ್ಲ. ಅವಳಿಗೆ ಬೇರೆ ಯಾರಾದರೂ ಕೊಡುವವರು ಸಿಗದಿದ್ದರೆ ಸಾಯುತ್ತಾಳೆ ಎಂಬುದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಇವಳು ಬಗ್ಗಿ, ಅವಳ ಇನ್ನೊಂದು ತೋಳಿನಲ್ಲಿ ನರ ಹುಡುಕಿ, ರಕ್ತ ತೆಗೆದಳು. ಇಷ್ಟು ದಿನ ತಾನು ತೆಗೆದ ಎಲ್ಲ ರಕ್ತದ ಹಾಗೆಯೇ ಬೆಚ್ಚಗಿತ್ತು.

ಅವರು ಹೋದ ಮೇಲೆ, ಕೊಳವೆಗೆ ಅಂಟುಚೀಟಿ ಹಚ್ಚುತ್ತ, ಕಸುಬಿನ ಸಂದೇಹ ಕೇಳುವ ಧ್ವನಿಯಲ್ಲಿ ಕೇಳಿದಳು: 'ಮೇಡಂ, ಬಸುರು ನಿಲ್ಲದೇ ಹೋದ್ರೂ ರಕ್ತ ಹೀಗೆ ಗುರುತು ಹಿಡಿಯುತ್ತಾ?'

'ಹಿಡೀಬಹುದು' ಎಂದರು ಮೇಡಂ, ತಲೆ ಎತ್ತದೆ. 'ಸ್ವಲ್ಪ ದಿನ ಇದ್ದು ಹೋಗಿದ್ರೂ ಸಾಕು.'

'ಮತ್ತೆ ಎಂಟು ಬಂದ್ರೆ, ಮುಂದಿನದು ನಿಲ್ಲಲ್ಲ ಅಂತಲ್ವಾ?'

'ಅದಕ್ಕೂ ಇದಕ್ಕೂ ಏನು ಸಂಬಂಧ? ನಿಲ್ಲುತ್ತೋ ಇಲ್ವೋ ನಮ್ಮ ತಟ್ಟೆ ಹೇಳಲ್ಲ.' ಈಗ ತಲೆ ಎತ್ತಿದರು. ಇವಳ ಮುಖ ನೋಡಿದರು, ತೋಳಿನ ಮೇಲೆ ಹಚ್ಚಿದ್ದ ಪಟ್ಟಿಯನ್ನು ನೋಡಿದರು. 'ಯಾವ ತಟ್ಟೇನೂ ಹೇಳಲ್ಲ. ಮನೆಗೆ ಹೋಗು ಇವತ್ತು. ಸ್ತ್ರೀರೋಗದವರ ಹತ್ರ ಮೊದಲು ಹೋಗ್ಬೇಕಿತ್ತು ನೀನು, ಮೊಲದ ಹತ್ರ ಅಲ್ಲ.'

ನಾಚಿಕೆಯಾಯಿತು. ಪೆದ್ದಿ ಎನ್ನಿಸಿಕೊಂಡ ನಾಚಿಕೆ ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಕೈಗೆ ಬಂದಿದ್ದ ಶಿಕ್ಷೆಯನ್ನು ಯಾರೋ ವಾಪಸ್ಸು ಕಿತ್ತುಕೊಂಡ ಹಾಗೆಯೂ ಇತ್ತು. ಬೆಳಗ್ಗೆ ಕೊಲೆಗಾರ್ತಿಯಾಗಿದ್ದವಳು ಈಗ ಏನೂ ಅಲ್ಲ. ತಟ್ಟೆಯನ್ನು ಎಸೆಯುವ ಮುನ್ನ ಕೆಳಗಿನ ಸಾಲನ್ನು ಮತ್ತೊಮ್ಮೆ ನೋಡಿದಳು. ಅದೇ ಕಪ್ಪು. ಆದರೆ ಗಂಡನನ್ನು ರಕ್ತ ಗುರುತು ಹಿಡಿದದ್ದು ಗಂಡನಿಂದಲ್ಲ. ಅವನ ದಿಂಬಿನಿಂದ, ಬೆವರಿನಿಂದ ಅಲ್ಲ. ಬಂದು ಹೋದ ಆ ಇಬ್ಬರಿಂದ. ಅವರಿಗೆ ಹೆಸರಿರಲಿಲ್ಲ, ಫೋಟೋ ಇರಲಿಲ್ಲ, ಅತ್ತೆಯ ಲೆಕ್ಕದಲ್ಲಿ ಅವರು ವಿಶೇಷವೂ ಆಗಿ ಉಳಿದಿರಲಿಲ್ಲ. ಮಗಳು ಚೆನ್ನಾಗಿದ್ದಾಳೆ ಎಂದು ಯಾವುದೋ ಗೇಟಿನಲ್ಲಿ ಅವನು ಹೇಳುವ ಸುಳ್ಳು ಬಿಟ್ಟರೆ, ಅವರು ಇದ್ದರು ಎನ್ನಲು ಇದ್ದದ್ದು ಈ ಕಪ್ಪು. ತಟ್ಟೆಯನ್ನು ನಿಯಮದ ಪ್ರಕಾರ ಹಳದಿ ಡಬ್ಬಕ್ಕೆ ಹಾಕಿದಳು.

ಮನೆಗೆ ಹೋಗಲಿಲ್ಲ. ಗಂಡ ಆ ದಿನ ಕೆಲಸ ಮಾಡುತ್ತಿದ್ದದ್ದು ಎರಡು ಬೀದಿಯಾಚೆಯ ಕಚೇರಿ ಕಟ್ಟಡದಲ್ಲಿ. ಕೆಳಗೆ ಲಿಫ್ಟಿನ ಮುಂದೆ ದುರಸ್ತಿಯಲ್ಲಿದೆ ಎಂಬ ಹಲಗೆ ನಿಲ್ಲಿಸಿತ್ತು. ಮೆಟ್ಟಿಲು ಹತ್ತಿದಳು. ಐದನೆಯ ಮಹಡಿಯಲ್ಲಿ ಬಾಗಿಲು ತೆರೆದಿತ್ತು, ಅಡ್ಡಲಾಗಿ ಕಬ್ಬಿಣದ ಕಂಬಿ ಹಾಕಿತ್ತು, ಲಿಫ್ಟಿನ ಗೂಡು ಅರ್ಧ ಮೇಲೆ ಹೋಗಿ ನಿಂತಿತ್ತು. ಗೂಡಿನ ನೆತ್ತಿಯ ಮೇಲೆ ಅವನಿದ್ದ. ಇವಳಿಗೆ ಕಾಣುತ್ತಿದ್ದದ್ದು ಸಂದಿಯಲ್ಲಿ ಅಲ್ಲಾಡುವ ಟಾರ್ಚಿನ ಬೆಳಕು ಮಾತ್ರ.

'ರೀ' ಎಂದಳು.

ಬೆಳಕು ನಿಂತಿತು. 'ನೀನಾ? ಏನಾಯ್ತು?'

'ಬೆಳಗ್ಗೆ ನಿಮಗೆ ಸುಳ್ಳು ಹೇಳ್ದೆ. ರಕ್ತ ಕಂಟ್ರೋಲಿಗಲ್ಲ. ನನ್ನ ರಕ್ತಕ್ಕೆ ನೀವು ಆಗಿಬರ್ತೀರಾ ಅಂತ ನೋಡೋಕೆ.'

'ಎಷ್ಟು ಬಂತು?'

'ಎಂಟು.'

'ಎಷ್ಟಕ್ಕೆ?'

'ಎಂಟಕ್ಕೆ.'

'ಎಂಟಕ್ಕೆ ಎಂಟಾ!' ಕತ್ತಲೆಯಲ್ಲಿ ಅವನ ಧ್ವನಿ ದೊಡ್ಡದಾಗಿ ಕೇಳಿಸಿತು. 'ಶಾಲೇಲೂ ಯಾವತ್ತೂ ತಗೊಂಡಿರ್ಲಿಲ್ಲ ಕಣೇ.'

ತಿದ್ದಬೇಕೆಂದು ಬಾಯಿ ತೆರೆದಳು. ಬೇರೆಯದೇ ಬಂತು. 'ಮೂರನೇದಿದೆ' ಎಂದಳು. 'ಈಗ. ಒಳಗೆ.'

ಸ್ಪ್ಯಾನರು ಏನಾದರೂ ಬೀಳುತ್ತದೆಂದು ಕಾದಳು. ಏನೂ ಬೀಳಲಿಲ್ಲ, ಅವನು ಕೆಲಸದಲ್ಲಿ ಎಚ್ಚರದವನು.

'ನಿಂತಿದೆಯಾ?' ಎಂದು ಕೇಳಿದ.

'ಗೊತ್ತಿಲ್ಲ.'

'ಯಾವಾಗ ಗೊತ್ತಾಗುತ್ತೆ?'

'ಗೊತ್ತಾಗಲ್ಲ ರೀ. ನಿಂತ ಮೇಲೆ ಹೇಳು ಅಂದಿದ್ರಿ. ನನ್ನ ಕೈಲಿ ಆಗ್ಲಿಲ್ಲ.'

ಕೆಳಗಿನಿಂದ ಒಬ್ಬಳು ಕಚೇರಿಯ ಹೆಂಗಸು ಕಡತಗಳನ್ನು ಎದೆಗವಚಿಕೊಂಡು ಏದುಸಿರು ಬಿಡುತ್ತ ಬಂದಳು. ತೆರೆದ ಬಾಗಿಲನ್ನೂ ಅದರ ಮುಂದೆ ನಿಂತವಳನ್ನೂ ನೋಡಿ, ಇವಳೇ ಹೊಣೆ ಎನ್ನುವ ಹಾಗೆ, 'ಇದು ಯಾವಾಗ ಸರಿಹೋಗುತ್ತೆ?' ಎಂದಳು.

'ಹೇಳಕ್ಕಾಗಲ್ಲಮ್ಮ, ಮೆಟ್ಟಿಲಲ್ಲಿ ಹೋಗಿ' ಎಂದ ಅವನು, ಮೇಲಿನಿಂದ, ಕೆಲಸದ ಧ್ವನಿಯಲ್ಲಿ. ಹೆಂಗಸು ಗೊಣಗುತ್ತ ಹತ್ತಿ ಹೋದಳು. ಅವಳ ಚಪ್ಪಲಿಯ ಸದ್ದು ಮೇಲಿನ ತಿರುವಿನಲ್ಲಿ ಅಡಗಿತು.

'ನೀನು ಮೆಟ್ಟಿಲು ಹತ್ಕೊಂಡೇ ಬಂದ್ಯಾ?'

'ಮತ್ತಿನ್ನೇನು, ಹಾರ್ಕೊಂಡು ಬರ್ಲಾ?'

'ಇಳೀಬೇಡ' ಎಂದ. 'ಅಲ್ಲೇ ಕೂತ್ಕೋ. ಇದನ್ನ ಸರಿಮಾಡ್ತೀನಿ, ಇದ್ರಲ್ಲೇ ಇಳಿದ್ರಾಯ್ತು.'

ಮೆಟ್ಟಿಲಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ, ಹತ್ತಿದರೂ ಇಳಿದರೂ ಆಗುವುದು ಆಗುತ್ತದೆ, ಇದೆಲ್ಲ ನಿಮ್ಮ ಅಮ್ಮ ಹೇಳುವಂಥ ಮಾತು ಎಂದು ವಿವರಿಸುವಷ್ಟು ಅವಳಿಗೆ ತಿಳಿದಿತ್ತು. ಚೀಲವನ್ನು ನೆಲದ ಮೇಲಿಟ್ಟು, ಗೋಡೆಗೆ ಒರಗಿ, ಕಾಲು ಚಾಚಿ ಕೂತಳು. ಮೇಲೆ ಬೆಳಕು ಮತ್ತೆ ಅಲ್ಲಾಡತೊಡಗಿತು.